ಸಿವಿಲ್ ವಾರ್ ಓದುವ ಮೊದಲು ನಿಮ್ಮ ಅರ್ಜಿಯ ತಾರೀಖು ನೋಡಿ

ಹೋದ ತಿಂಗಳು ನಮ್ಮ ಕನ್ನಡ ಕೂಟದ ಹುಡುಗನೊಬ್ಬ ಅಮೆರಿಕದ ಸಿಟಿಜನ್‌ಶಿಪ್ ಇಂಟರ್‌ವ್ಯೂಗೆ ಓದುತ್ತಿದ್ದೇನೆ ಅಂತ ಸ್ಪೈರಲ್ ಬೈಂಡ್ ಮಾಡಿದ ಹಾಳೆ ತೋರಿಸಿದ. ಅವನ ಅಣ್ಣ ಓದಿ ಪಾಸಾದ ಪ್ರತಿ. ಮೊದಲ ಪುಟದಲ್ಲೇ "100 ಪ್ರಶ್ನೆಗಳು" ಅಂತಿತ್ತು. ಅರ್ಜಿ ಯಾವಾಗ ಹಾಕಿದೆಯಪ್ಪಾ ಅಂದೆ. "2025ರ ನವೆಂಬರ್, ಸಾರ್." ಎದೆ ಧಸಕ್ಕೆಂದಿತು. ಹದಿನೇಳು ವರ್ಷದ ಹಿಂದೆ ನಾನು ಮಾಡಿದ್ದೂ ಇದೇ ತಪ್ಪು.

ನಾನು ಎನ್-400, ಅಂದರೆ ಪೌರತ್ವದ ಅರ್ಜಿ, ಹಾಕಿದ್ದು 2008ರ ನವೆಂಬರಿನಲ್ಲಿ. ಅದರ ಹಿಂದಿನ ತಿಂಗಳು, ಅಕ್ಟೋಬರ್ 1ಕ್ಕೆ, ಇಂಟರ್‌ವ್ಯೂನಲ್ಲಿ ಕೇಳುವ ಇತಿಹಾಸ, ಸರ್ಕಾರದ ಪ್ರಶ್ನೆಗಳ ಪರೀಕ್ಷೆ ಬದಲಾಗಿತ್ತು. ನನ್ನ ಕೈಲಿದ್ದದ್ದು ಗೆಳೆಯ ಕೊಟ್ಟ ಹಳೇ ಜೆರಾಕ್ಸ್. ಸಿವಿಲ್ ವಾರ್, ಅಂದರೆ ಅಮೆರಿಕದ ಉತ್ತರ ದಕ್ಷಿಣ ರಾಜ್ಯಗಳ ಅಂತರ್ಯುದ್ಧ, ಅಂದ ಕೂಡಲೇ ಆಗಿನ ಅಧ್ಯಕ್ಷ ಲಿಂಕನ್, ಅಷ್ಟೇ ಉರು ಹೊಡೆದಿದ್ದೆ. ಆಫೀಸರಮ್ಮ ಕೇಳಿದ್ದು ಯುದ್ಧಕ್ಕೆ ಕಾರಣವಾದ ಒಂದು ಸಮಸ್ಯೆ ಹೇಳಿ ಅಂತ. ನಾನು "ಅಬ್ರಹಾಂ ಲಿಂಕನ್" ಅಂದುಬಿಟ್ಟೆ. ಆಕೆ ಪ್ರಶ್ನೆಯನ್ನು ನಿಧಾನವಾಗಿ ಇನ್ನೊಮ್ಮೆ ಓದಿದರು. ಬಾಯಿ ಒಣಗಿತ್ತು, ಮಾತು ಹೊರಡಲಿಲ್ಲ. ಅವರ ಪೆನ್ನು ಹಾಳೆಯ ಮೇಲೆ ಸಣ್ಣ ಗೀಟು ಎಳೆದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. 10ರಲ್ಲಿ 6 ಬೇಕಿತ್ತು, ಬಂದದ್ದು 5. ಮರುಪರೀಕ್ಷೆಗೆ ಎರಡೂವರೆ ತಿಂಗಳು ಕಾದೆ. ಊರಿಗೆ ಹೋಗುವ ಟಿಕೆಟ್ ರದ್ದಾಯಿತು, ಆ ದುಡ್ಡು ವಾಪಸ್ ಬರಲೇ ಇಲ್ಲ.

ಹಾಗಾಗಿ ಇದನ್ನು ಮನಸ್ಸಿನಲ್ಲಿಡಿ: ಯಾವ ಪರೀಕ್ಷೆ ಅನ್ನುವುದನ್ನು ಇಂಟರ್‌ವ್ಯೂ ದಿನ ತೀರ್ಮಾನಿಸುವುದಿಲ್ಲ, ಅರ್ಜಿ ಹಾಕಿದ ದಿನ ತೀರ್ಮಾನಿಸುತ್ತದೆ. 2025ರ ಅಕ್ಟೋಬರ್ 20ಕ್ಕೆ ಮೊದಲು ಹಾಕಿದವರಿಗೆ 100 ಪ್ರಶ್ನೆಗಳ ಪಟ್ಟಿ, ಕೇಳುವುದು 10, ಸರಿಯಾಗಬೇಕಾದ್ದು 6. ಆ ದಿನ ಮತ್ತು ಅದರ ನಂತರ ಹಾಕಿದವರಿಗೆ 128ರ ಪಟ್ಟಿ, ಕೇಳುವುದು 20, ಸರಿಯಾಗಬೇಕಾದ್ದು 12. 9 ತಪ್ಪಾದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಮೊದಲ ಸಲ ಫೇಲಾದರೆ 60ರಿಂದ 90 ದಿನದೊಳಗೆ ಇನ್ನೊಂದು ಅವಕಾಶ. ಅದೂ ಹೋದರೆ ಅರ್ಜಿ ತಿರಸ್ಕಾರ. ಮತ್ತೆ ಹಾಕಬೇಕು, ಆನ್‌ಲೈನ್ ಆದರೂ 710 ಡಾಲರ್. ಯಾರ ಜೆರಾಕ್ಸನ್ನೂ ನಂಬಬೇಡಿ. ಪೌರತ್ವ ಕೊಡುವ ಸರ್ಕಾರಿ ಇಲಾಖೆ ಯುಎಸ್‌ಸಿಐಎಸ್‌ನ ಜಾಲತಾಣದಲ್ಲಿ ಪಟ್ಟಿ ಪುಕ್ಕಟೆ ಸಿಗುತ್ತದೆ.

ಇನ್ನು ಯುದ್ಧದ ವಿಷಯ. ನಮ್ಮವರು ಎಡವುವುದು ಜೆಫರ್ಸನ್ ಹೆಸರಿನಲ್ಲಿ. ಥಾಮಸ್ ಜೆಫರ್ಸನ್ ಸ್ವಾತಂತ್ರ್ಯ ಘೋಷಣೆ ಬರೆದವರು. ಜೆಫರ್ಸನ್ ಡೇವಿಸ್ ಒಡೆದುಹೋದ 11 ದಕ್ಷಿಣ ರಾಜ್ಯಗಳ, ಅಂದರೆ ಕಾನ್ಫೆಡರಸಿಯ, ಅಧ್ಯಕ್ಷ. ಉತ್ತರದ ಕಡೆಯದು ಯೂನಿಯನ್, ಸೇನಾಪತಿ ಗ್ರಾಂಟ್; ಎದುರಿಗೆ ಲೀ. 1861ರ ಏಪ್ರಿಲಿನಲ್ಲಿ ಫೋರ್ಟ್ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿತು, 1865ರ ಏಪ್ರಿಲಿನಲ್ಲಿ ಆಪೊಮ್ಯಾಟಕ್ಸ್‌ನಲ್ಲಿ ಲೀ ಶರಣಾದರು. ಐದೇ ದಿನಕ್ಕೆ ಲಿಂಕನ್‌ಗೆ ಗುಂಡೇಟು.

ಲಿಂಕನ್ ಹೊರಡಿಸಿದ 1863ರ ವಿಮೋಚನಾ ಘೋಷಣೆ ಬಂಡೆದ್ದ ರಾಜ್ಯಗಳ ಗುಲಾಮರಿಗೆ ಮಾತ್ರ ಅನ್ವಯಿಸಿತು. ಯೂನಿಯನ್ ಬಿಡದ ಕೆಂಟಕಿಯಂಥ ಕಡೆ ಗುಲಾಮಗಿರಿ ಹಾಗೇ ಉಳಿಯಿತು. ದೇಶಕ್ಕೆಲ್ಲ ಅದನ್ನು ಮುಗಿಸಿದ್ದು 1865ರ ಡಿಸೆಂಬರಿನ ಸಂವಿಧಾನದ 13ನೇ ತಿದ್ದುಪಡಿ. 14ನೆಯದು ಪೌರತ್ವ, 15ನೆಯದು ಮತದಾನ. ಈ ಮೂರನ್ನೂ ಒಟ್ಟಿಗೆ ಓದಿ. ಹಳೇ ಪಟ್ಟಿಯಲ್ಲಿ ಯುದ್ಧದ ಕಾರಣಕ್ಕೆ "ರಾಜ್ಯಗಳ ಹಕ್ಕು" ಅಂದರೂ ಒಪ್ಪುತ್ತಾರೆ. ನಾನಂತೂ ಹಾಗೆ ಹೇಳಬೇಡಿ ಅನ್ನುತ್ತೇನೆ. ಯಾವ ಹಕ್ಕು? ಮನುಷ್ಯರನ್ನು ಆಸ್ತಿಯಾಗಿ ಇಟ್ಟುಕೊಳ್ಳುವ ಹಕ್ಕು. ಮಿಸಿಸಿಪ್ಪಿ 1861ರಲ್ಲಿ ತಾನು ಬೇರೆಯಾಗಲು ಕೊಟ್ಟ ಕಾರಣದಲ್ಲೇ ಗುಲಾಮಗಿರಿ ಅಂತ ಬರೆದುಕೊಂಡಿದೆ.

ನ್ಯಾಚುರಲೈಸೇಶನ್ (ದೇಶೀಕರಣ) ಮೂಲಕ ಭಾರತದ ಪೌರತ್ವ ಕೇಳುವ ವಿದೇಶಿಯರಿಗೆ ಸಂವಿಧಾನದ ಎಂಟನೇ ಪರಿಚ್ಛೇದದ ಒಂದು ಭಾಷೆ ಸಾಕಷ್ಟು ಬರಬೇಕು, ಕನ್ನಡವಾದರೂ ನಡೆಯುತ್ತದೆ. ಅದು ಒಳ್ಳೆಯದೇ. ಆದರೆ ಸೇರಲು ಬಂದವರ ಕೈಲಿ ತನ್ನ ಹಳೇ ಗಾಯದ ಹೆಸರು ಹೇಳಿಸುವ ಇಲ್ಲಿನ ಪದ್ಧತಿ ನನಗೆ ಹೆಚ್ಚು ಹಿಡಿಸಿದೆ.

ಅಪ್ಪ ಅಮ್ಮನಿಗೆ 65 ದಾಟಿ, ಗ್ರೀನ್ ಕಾರ್ಡ್ ಬಂದು 20 ವರ್ಷವಾಗಿದ್ದರೆ ಅವರು ಓದಬೇಕಾದ್ದು 20 ಪ್ರಶ್ನೆ ಮಾತ್ರ, ಅದೂ ಕನ್ನಡದಲ್ಲಿ, ದುಭಾಷಿಯನ್ನು ಜೊತೆಗೆ ಕರೆದುಕೊಂಡು. 2019ರಲ್ಲಿ ನಮ್ಮತ್ತೆಯವರನ್ನು ಲಿಂಕನ್ ಮಾಡಿದ ಒಂದು ಕೆಲಸ ಹೇಳಿ ಅಂತ ಕೇಳಿದ್ದರು. ಅವರು ಸೆರಗು ಸರಿಮಾಡಿಕೊಂಡು, "ಜೀತದಲ್ಲಿದ್ದವರನ್ನ ಬಿಡಿಸಿದ್ರು" ಅಂದರು. ದುಭಾಷಿ ಅಷ್ಟನ್ನೇ ಇಂಗ್ಲಿಷಿನಲ್ಲಿ ಹೇಳಿದರು, ಆಫೀಸರ್ ಮುಂದಿನ ಪ್ರಶ್ನೆಗೆ ಹೋದರು.