ಸಿ.ಟಿ. ಫೈಲಿನಿಂದ ಮುರಿದ ಮೊಣಕಾಲಿನ ತ್ರೀಡಿ ಚಿತ್ರ ತೆಗೆಯುವುದು

ಚಳ್ಳಕೆರೆ, ಹೊಸದುರ್ಗದ ಕಡೆಯಿಂದ ಮೊಣಕಾಲು ಮುರಿದುಕೊಂಡು ದಾವಣಗೆರೆಗೆ ಬರುವವರ ಕೈಯಲ್ಲಿ ದೊಡ್ಡ ಫಿಲ್ಮ್ ಕವರ್ ಇದ್ದೇ ಇರುತ್ತದೆ. ತ್ರೀಡಿಗೆ ಅದು ಉಪಯೋಗವಿಲ್ಲ. ವಾಟ್ಸಾಪ್ ಫೋಟೊ ಅಂತೂ ಬೇಡವೇ ಬೇಡ. ಬೇಕಾದದ್ದು ಡೈಕಾಮ್ ಫೈಲು, ಅಂದರೆ ಸ್ಕ್ಯಾನ್ ಮೆಷಿನ್ನು ಕೊಡುವ ಮೂಲ ಡಿಜಿಟಲ್ ಫೈಲು. ಸ್ಕ್ಯಾನ್ ಸೆಂಟರ್‌ನವರಿಗೆ "1 ಮಿ.ಮೀ. ಅಥವಾ ಅದಕ್ಕೂ ತೆಳು ಸ್ಲೈಸಿನ ಸೀರೀಸ್ ಹಾಕಿಕೊಡಿ" ಎಂದೇ ಹೇಳಿ, ಅದೂ ಸ್ಕ್ಯಾನ್ ಆದ ದಿನವೇ. ಸ್ಲೈಸ್ ಅಂದರೆ ಕಾಲನ್ನು ಅಡ್ಡಕ್ಕೆ ಕೊಯ್ದಂತೆ ತೋರುವ ಒಂದೊಂದು ಚಿತ್ರ, ಸೀರೀಸ್ ಅಂದರೆ ಅವುಗಳ ಒಂದು ಕಂತೆ. ಮೆಷಿನ್ನಿನಲ್ಲಿ ಮೂಲ ಡೇಟಾ ಬಹಳ ದಿನ ಇಡುವುದಿಲ್ಲ. ಅಳಿಸಿದ ಮೇಲೆ 5 ಮಿ.ಮೀ. ಸ್ಲೈಸಷ್ಟೇ ಗತಿ, ಮೂಳೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

300 ಸ್ಲೈಸ್ ಎಂದರೆ ಸುಮಾರು 150 ಎಂಬಿ, 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಸಾಕು. ತ್ರೀಡಿ ಸ್ಲೈಸರ್ ಸಾಫ್ಟ್‌ವೇರ್ ಉಚಿತ. ಅದು ಸಂಶೋಧನೆಗೆಂದು ಮಾಡಿದ್ದು, ರೇಡಿಯಾಲಜಿಸ್ಟ್ ಕೊಡುವ ವರದಿಗೆ ಬದಲಿ ಅಲ್ಲ. ಸಿ.ಡಿ.ಯನ್ನು ಪೂರ್ತಿ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಕೊಂಡು ಇಂಪೋರ್ಟ್ ಮಾಡಿ. ಪಟ್ಟಿಯಲ್ಲಿ ನಾಲ್ಕೈದು ಸೀರೀಸ್ ಬರುತ್ತವೆ. ತೆಳು ಸ್ಲೈಸಿನದೇ ಆದರೂ ಬೋನ್ ಕರ್ನಲ್‌ನದನ್ನು ಬಿಟ್ಟು ಸಾಫ್ಟ್ ಕರ್ನಲ್‌ನದು ತೆರೆಯಿರಿ. ಕರ್ನಲ್ ಅಂದರೆ ಮೆಷಿನ್ನು ಚಿತ್ರವನ್ನು ಎಷ್ಟು ಚೂಪಾಗಿ ಅಥವಾ ನಯವಾಗಿ ಕಟ್ಟುತ್ತದೆ ಎಂಬ ಸೆಟ್ಟಿಂಗ್. ಬೋನ್ ಕರ್ನಲ್ ಸ್ಲೈಸ್ ನೋಡಲು ಚೆನ್ನ, ತ್ರೀಡಿಯಲ್ಲಿ ಮೇಲ್ಮೈಯೆಲ್ಲ ಒರಟು. ವಾಲ್ಯೂಮ್ ರೆಂಡರಿಂಗ್‌ನಲ್ಲಿ (ಸ್ಲೈಸುಗಳನ್ನು ಸೇರಿಸಿ ನೇರವಾಗಿ ತ್ರೀಡಿ ತೋರಿಸುವ ಭಾಗ) ಸಿಟಿ-ಬೋನ್ ಎಂಬ ಸಿದ್ಧ ಸೆಟ್ಟಿಂಗ್ ಹಾಕಿ ಶಿಫ್ಟ್ ಸ್ಲೈಡರ್ ಎಳೆದರೆ ಮೊದಲ ಚಿತ್ರ ಸಿಕ್ಕಿತು.

ಕಷ್ಟ ಇರುವುದು ಥ್ರೆಶೋಲ್ಡ್‌ನಲ್ಲಿ, ಅಂದರೆ ಎಷ್ಟು ಸಾಂದ್ರತೆಯ ಮೇಲಿನದನ್ನು ಮೂಳೆ ಎಂದು ಬಣ್ಣ ಹಚ್ಚಬೇಕು ಎಂಬ ಗಡಿ ಸಂಖ್ಯೆಯಲ್ಲಿ. ಹೌನ್ಸ್‌ಫೀಲ್ಡ್ ಲೆಕ್ಕದಲ್ಲಿ (ಸಿ.ಟಿ.ಯಲ್ಲಿ ಸಾಂದ್ರತೆಯ ಅಳತೆ) ಗಾಳಿ -1000, ನೀರು 0. ಸೆಗ್ಮೆಂಟ್ ಎಡಿಟರ್‌ನಲ್ಲಿ (ಮೂಳೆಯನ್ನು ಬೇರ್ಪಡಿಸಿ ಗುರುತಿಸುವ ಭಾಗ) 200ರಿಂದ ಶುರು ಮಾಡಿ, ಪ್ರತಿ ಸಲ ಬದಲಿಸಿದಾಗಲೂ ಪಕ್ಕದಲ್ಲಿ ತೋರುವ ಸ್ಲೈಸಿನಲ್ಲಿ ಬಣ್ಣ ಮೂಳೆಯ ಅಂಚಿಗೆ ಸರಿಯಾಗಿ ಕೂತಿದೆಯೇ ನೋಡಿ. ಮೇಲೇರಿಸಿದರೆ ವಯಸ್ಸಾದವರ ಸವೆದ ಮೂಳೆಯಲ್ಲಿ ಇಲ್ಲದ ತೂತು ಕಾಣುತ್ತದೆ. ಇಳಿಸಿದರೆ ನಿಜವಾದ ಬಿರುಕೇ ಮುಚ್ಚಿಹೋಗುತ್ತದೆ. ತ್ರೀಡಿಯಲ್ಲಿ ಕಂಡ ತೂತನ್ನು ಸ್ಲೈಸ್ ನೋಡದೆ ನಂಬಲೇಬಾರದು. ಸ್ಮೂಥಿಂಗ್ (ಮೇಲ್ಮೈ ನಯ ಮಾಡುವುದು) ಕೂಡ ಇದೇ ಜಾತಿ: ಅದರಲ್ಲಿ ಮೀಡಿಯನ್ ಎಂಬ ವಿಧಾನಕ್ಕೆ 3 ಮಿ.ಮೀ. ಕೊಟ್ಟರೆ ಕೂದಲೆಳೆಯ ಬಿರುಕು ಮಾಯ.

ಚೂರುಪಾರು ಕಸ ತೆಗೆಯಲು "ಕೀಪ್ ಲಾರ್ಜೆಸ್ಟ್ ಐಲ್ಯಾಂಡ್" (ಎಲ್ಲಕ್ಕಿಂತ ದೊಡ್ಡ ತುಂಡನ್ನಷ್ಟೇ ಉಳಿಸುವ ಬಟನ್) ಒತ್ತುವ ಅಭ್ಯಾಸ ಹಲವರಿಗಿದೆ. ಮುರಿದ ಕಾಲಿನಲ್ಲಿ ಅದು ಬೇಡ. ಬೇರ್ಪಟ್ಟ ತುಂಡೇ ಸರ್ಜನ್‌ಗೆ ಬೇಕಾದದ್ದು, ಅದನ್ನೇ ಅಳಿಸಿಬಿಡುತ್ತದೆ. ಬದಲಿಗೆ ಸಾಫ್ಟ್‌ವೇರ್‌ನ ಸಿಸರ್ಸ್ ಟೂಲ್‌ನಿಂದ ಚಿತ್ರದಲ್ಲಿನ ತೊಡೆಮೂಳೆಯನ್ನು ಕತ್ತರಿಸಿ ತೆಗೆಯಿರಿ. ಆಗ ಟಿಬಿಯಾದ (ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ) ಮೇಲ್ಮೈ ಮೇಲಿನಿಂದ ಪೂರ್ತಿ ಕಾಣುತ್ತದೆ, ಎಲ್ಲಿ ಕುಸಿದಿದೆ ಎನ್ನುವುದೂ ತಿಳಿಯುತ್ತದೆ. ಎಷ್ಟು ಮಿ.ಮೀ. ಕುಸಿದಿದೆ ಎಂಬ ಅಳತೆಯನ್ನು ಮಾತ್ರ ಕೊರೋನಲ್ ಸ್ಲೈಸಿನಲ್ಲೇ (ಎದುರಿನಿಂದ ನೋಡಿದಂತೆ ಉದ್ದಕ್ಕೆ ಕೊಯ್ದ ಚಿತ್ರ) ತೆಗೆಯಿರಿ.

ಸ್ಕ್ಯಾನ್ ನಡೆಯುವಾಗ ರೋಗಿ ನೋವಿಗೆ ಕಾಲು ಅಲ್ಲಾಡಿಸಿದ್ದರೆ ಮೂಳೆ ಅಡ್ಡಕ್ಕೆ ಜರುಗಿದಂತೆ, ಥೇಟ್ ಮುರಿತದಂತೆ ಕಾಣಬಹುದು. ಥ್ರೆಶೋಲ್ಡನ್ನು -300ಕ್ಕೆ ಇಳಿಸಿ ಚರ್ಮ ನೋಡಿ. ಅದೇ ಮಟ್ಟದಲ್ಲಿ ಚರ್ಮವೂ ಜರುಗಿದ್ದರೆ ಅಲ್ಲಾಡಿದ್ದೇ ಕಾರಣ. ಹಳೆಯ ಪ್ಲೇಟು, ಸ್ಕ್ರೂ ಇದ್ದರೆ ಸುತ್ತ ಮುಳ್ಳುಮುಳ್ಳಾದ ಗೆರೆ ಏಳುತ್ತವೆ. ಅಷ್ಟು ಜಾಗದಲ್ಲಿ ತ್ರೀಡಿ ಬಿಟ್ಟುಬಿಡಿ.

ಚಿತ್ರ ಸೇವ್ ಮಾಡುವಾಗ ಎಡ-ಬಲದ ಗುರುತು ಫ್ರೇಮಿನೊಳಗೇ ಇರಲಿ. ರೋಗಿಯ ಹೆಸರು ಬೀಳದಂತೆ ನೋಡಿಕೊಂಡು ಮುಂದೆ, ಹಿಂದೆ, ಮೇಲೆ, ಎರಡು ಪಕ್ಕ, ಹೀಗೆ ಐದು ನೋಟ ಕಳಿಸಿ.