ಮೂವತ್ತು ವರ್ಷ ಮುಂದಿನ ನೀರಿನ ಲೆಕ್ಕ: ನನ್ನ ಅನುಭವ

ಬೆಂಗಳೂರಿಗೆ 2041ರಲ್ಲಿ ಎಷ್ಟು ನೀರು ಬೇಕು? ಯೋಜನಾ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದಾಗ ನನ್ನ ಮೇಜಿಗೆ ಬರುತ್ತಿದ್ದದ್ದು ಇಂಥ ಪ್ರಶ್ನೆಗಳೇ. ನೀರು ಸರಬರಾಜು ಯೋಜನೆಯ ಕೈಪಿಡಿ ತೆರೆದರೆ ಸುಲಭ ಅನಿಸುತ್ತದೆ. ಹಳೆಯ ಜನಗಣತಿ ಹಿಡಿದು ಮುಂದಿನ ಜನಸಂಖ್ಯೆ ಅಂದಾಜು ಮಾಡಿ, ತಲೆಗೆ ದಿನಕ್ಕೆ 150 ಲೀಟರ್‌ನಂತೆ ಗುಣಿಸಿದರೆ ಮುಗಿಯಿತು.

ಮಾಡಿ ನೋಡಿ. ನಗರ ಮತ್ತು ಅದಕ್ಕೆ ಅಂಟಿಕೊಂಡ ಊರುಗಳು ಸೇರಿ 1981ರಲ್ಲಿ 29 ಲಕ್ಷ ಜನ, 2011ರಲ್ಲಿ 85 ಲಕ್ಷ. ಇನ್ನು 30 ವರ್ಷದಲ್ಲೂ ಅದೇ 56 ಲಕ್ಷ ಸೇರುತ್ತದೆ ಅಂದುಕೊಂಡರೆ 1.41 ಕೋಟಿ. ಅದೇ ವೇಗದಲ್ಲಿ ಪಟ್ಟು ಪಟ್ಟಾಗಿ ಬೆಳೆಯುತ್ತದೆ ಅಂದುಕೊಂಡರೆ ಹತ್ತಿರ ಹತ್ತಿರ 2.5 ಕೋಟಿ. ಎರಡೂ ಕೈಪಿಡಿಯ ವಿಧಾನಗಳೇ! ಎರಡರ ನಡುವಿನ ವ್ಯತ್ಯಾಸಕ್ಕೇ 1,600 ಎಂಎಲ್‌ಡಿ (ದಿನಕ್ಕೆ ದಶಲಕ್ಷ ಲೀಟರ್) ಮೇಲೆ ನೀರು ಬೇಕು. ಊರಿಗೆ ಕಾವೇರಿ ನೀರು ತರುವ ಯೋಜನೆಯ, 2024ರಲ್ಲಿ ಶುರುವಾದ ಐದನೇ ಹಂತ ಇಡೀ ಸೇರಿ 775 ಎಂಎಲ್‌ಡಿ. ಸಾಲದ್ದಕ್ಕೆ 2021ರ ಜನಗಣತಿಯೂ ನಡೆಯಲಿಲ್ಲ.

ಸಭೆಗಳಲ್ಲಿ ಈ ಸಂಖ್ಯೆಯನ್ನೇ ಹಿಡಿದು ಜಗ್ಗಾಡುತ್ತಾರೆ. ಕೊನೆಗೆ ನಡುವಿನದೊಂದಕ್ಕೆ ಒಪ್ಪಿ ಟೀ ಕುಡಿದು ಏಳುತ್ತಾರೆ. ನಾನು ಆ ಜಗಳಕ್ಕೆ ಹೋಗುವುದನ್ನೇ ಬಿಟ್ಟೆ. ಒಂದು ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ, ಆಮೇಲೆ ದೊಡ್ಡದು ಮಾಡಲು ಆಗದ್ದು: ಜಾಗ, ಪೈಪ್ ಹೋಗುವ ದಾರಿ, ಪಂಪ್‌ಹೌಸ್ ಕಟ್ಟಡ. ಬಲಕ್ಕೆ, ಬೇಕಾದಾಗ ಸೇರಿಸಬಹುದಾದ್ದು: ಪಂಪು, ಮೋಟರು, ಶುದ್ಧೀಕರಣ ಘಟಕ. ಎಡದ್ದಕ್ಕೆ ಜನಸಂಖ್ಯೆಯ ದೊಡ್ಡ ಅಂದಾಜು, ಬಲದ್ದಕ್ಕೆ ಚಿಕ್ಕದು. ಹಳೆಯ ಕೈಪಿಡಿ ಕೂಡ ಮುಖ್ಯ ಕೊಳವೆಯನ್ನು ಮುಂದಿನ 30 ವರ್ಷಕ್ಕೆ, ಪಂಪನ್ನು 15 ವರ್ಷಕ್ಕೆ ಸಾಲುವಂತೆ ಲೆಕ್ಕ ಹಾಕಿ ಅನ್ನುತ್ತದೆ. ಆದರೆ ಅದನ್ನು ಯಾರೂ ಹೀಗೆ ಬಳಸುತ್ತಿರಲಿಲ್ಲ.

"ಖಾಲಿ ಬಿಡುವ ಜಾಗಕ್ಕೆ ಈಗಲೇ ದುಡ್ಡು ಯಾಕೆ?" ಅಂತ ಹಣಕಾಸಿನವರು ಕೇಳಿಯೇ ಕೇಳುತ್ತಾರೆ. ನೀರು ಬರುವುದು ಸುಮಾರು 100 ಕಿ.ಮೀ. ದೂರದಿಂದ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಮೂರು ಕಡೆ ಪಂಪ್ ಮಾಡಿ ಮೇಲಕ್ಕೆ ಎತ್ತಬೇಕು. ಒಂದು ಕಡೆ ಜಾಗ ಸಿಗದಿದ್ದರೆ ಉಳಿದ ಎರಡು ಕಡೆ ಇದ್ದೂ ಉಪಯೋಗವಿಲ್ಲ. ಇಷ್ಟನ್ನು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದರೆ ಅರ್ಧ ವಾದ ಅಲ್ಲಿಗೇ ನಿಲ್ಲುತ್ತಿತ್ತು.

ಜನಸಂಖ್ಯೆಯ ಗ್ರಾಫಿನಲ್ಲಿ ಕಾಣದ ಇನ್ನೊಂದು ವಿಷಯವಿದೆ. 2007ರಲ್ಲಿ 110 ಹಳ್ಳಿಗಳು ಪಾಲಿಕೆಗೆ ಸೇರಿದವು. ಅವುಗಳಿಗೆಂದೇ ರೂಪಿಸಿದ ಐದನೇ ಹಂತದ ನೀರು ಬಂದದ್ದು 17 ವರ್ಷದ ಮೇಲೆ. ಹಾಗಾಗಿ ಜನರ ಜೊತೆಗೆ ಸರ್ಕಾರದ ನಿರ್ಧಾರಗಳನ್ನೂ ಬರೆದಿಡಲು ಶುರು ಮಾಡಿದೆ: ಗಡಿ ಎಲ್ಲಿಗೆ ಸರಿಯಬಹುದು, ಮೆಟ್ರೊ ಯಾವ ಕಡೆ ಹೋಗುತ್ತದೆ, ಲೇಔಟ್‌ಗೆ ಎಲ್ಲಿ ಅಧಿಸೂಚನೆ ಹೊರಟಿದೆ.

ಕಷ್ಟದ ಭಾಗ ಮುಂದಿನ ಹಂತ ಯಾವಾಗ ಅನ್ನುವುದು. ಇಸವಿ ಬರೆದರೆ ಅದು ಮುಂದಕ್ಕೆ ಹೋಗುತ್ತಲೇ ಇರುತ್ತದೆ, ಕಡತವೂ ಜೊತೆಗೆ. ಅದಕ್ಕೇ ಇಸವಿ ಹೊಡೆದುಹಾಕಿ, ಬೇಡಿಕೆ ಯಾವ ಮಟ್ಟ ಮುಟ್ಟಿದಾಗ ಅನ್ನುವುದನ್ನು ಬರೆದೆ. ಪಂಪ್ ಮಾಡಿದ ನೀರನ್ನು ಅಳೆದರೆ ಪ್ರಯೋಜನವಿಲ್ಲ, ಈ ಊರಲ್ಲಿ ಬಂದದ್ದೆಲ್ಲ ಖರ್ಚಾಗುತ್ತದೆ. ಕೊಟ್ಟಾಗಿರುವ ಸಂಪರ್ಕ, ಅದರ ಮೇಲೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆದು ಇನ್ನೂ ಕಟ್ಟುತ್ತಿರುವ ಅಪಾರ್ಟ್‌ಮೆಂಟುಗಳು, ಎರಡನ್ನೂ ಕೂಡಿಸಬೇಕು. ಅವುಗಳ ಬೇಡಿಕೆ ಒಂದು ವಲಯದ ಪಾಲಿನ ನೀರಿನ ಶೇ 80 ದಾಟಿದ ತಿಂಗಳೇ ಮುಂದಿನ ಹಂತದ ಡಿಪಿಆರ್ (ವಿವರ ಯೋಜನಾ ವರದಿ) ಕೆಲಸ ಶುರು. ಉಳಿದ ಶೇ 20 ಅನುಮತಿ, ಸಾಲ, ಟೆಂಡರ್ ಮುಗಿಯುವವರೆಗೆ ಬೇಕೇ ಬೇಕು.

ಇದನ್ನೆಲ್ಲ ಬರೆದ ಟಿಪ್ಪಣಿ ಓದಿದ ಕೇಸ್ ವರ್ಕರ್ ಒಂದೇ ಮಾತು ಕೇಳಿದರು: "ಸಾರ್, ಇದನ್ನ ಪ್ರತಿ ತಿಂಗಳು ಯಾರು ನೋಡ್ತಾರೆ?"

ಸಾಹೇಬರು ಎರಡು ಮೂರು ವರ್ಷಕ್ಕೆ ವರ್ಗಾವಣೆ ಆಗಿ ಹೋಗುತ್ತಾರೆ, ಮಾಸಿಕ ವರದಿಯ ನಮೂನೆ ಮಾತ್ರ ಹೋಗುವುದಿಲ್ಲ. ಅದರಲ್ಲೇ ಈ ಶೇಕಡಾ ಲೆಕ್ಕಕ್ಕೆ ಒಂದು ಕಾಲಂ ಸೇರಿಸಿದೆವು. ಸರ್ಕಾರಿ ನಮೂನೆಯಿಂದ ಒಂದು ಕಾಲಂ ತೆಗೆಯುವ ಧೈರ್ಯ ಯಾರಿಗಿದೆ ಹೇಳಿ! ನಾನು ಆ ವಿಭಾಗ ಬಿಟ್ಟ ಮೇಲೂ ಅದು ಹಾಗೇ ಇದೆ. ಯಾಕಿದೆ ಅಂತ ಕೇಳಿದರೆ ಅರ್ಧ ಜನರಿಗೆ ಗೊತ್ತಿಲ್ಲ, ಆದರೆ ತಪ್ಪದೆ ತುಂಬುತ್ತಾರೆ.