ಬಸ್ ಜಿಪಿಎಸ್ ಸರ್ವರ್‌ಗೆ ನೆಟ್‌ವರ್ಕ್ ಲೋಡ್ ಬ್ಯಾಲೆನ್ಸರ್ ಹಾಕುವ ಬಗೆ

ಮಂಗಳೂರು–ಉಡುಪಿ ನಡುವಿನ ಎಕ್ಸ್‌ಪ್ರೆಸ್ ಬಸ್ಸುಗಳ ಜಿಪಿಎಸ್ ಸಾಧನಗಳಿಂದ ಮಾಹಿತಿ ಪಡೆಯುವ ಸರ್ವರ್, ಎಡಬ್ಲ್ಯುಎಸ್ (ಅಮೆಜಾನ್‌ನ ಕ್ಲೌಡ್ ಸೇವೆ) ಮುಂಬೈ ರೀಜನ್‌ನ ಕ್ಯುಬರ್ನೆಟಿಸ್ (ಪ್ರೋಗ್ರಾಂಗಳನ್ನು ಹಲವು ಯಂತ್ರಗಳ ಮೇಲೆ ನಡೆಸುವ ವ್ಯವಸ್ಥೆ) ಕ್ಲಸ್ಟರ್‌ನಲ್ಲಿದೆ ಎಂದುಕೊಳ್ಳಿ. ಈ ಸಾಧನಗಳು ಟಿಸಿಪಿ ಕನೆಕ್ಷನ್ ತೆರೆದು ಗಂಟೆಗಟ್ಟಲೆ ಹಿಡಿದಿರುತ್ತವೆ. ಇದಕ್ಕೆ, ಬರುವ ಕನೆಕ್ಷನ್‌ಗಳನ್ನು ಸರ್ವರ್‌ನ ಹಲವು ಪ್ರತಿಗಳಿಗೆ ಕಳಿಸುವ ನೆಟ್‌ವರ್ಕ್ ಲೋಡ್ ಬ್ಯಾಲೆನ್ಸರೇ ಸರಿ. ಆದರೆ ಅದು ಹಂಚುವುದು ಕನೆಕ್ಷನ್‌ಗಳನ್ನು, ಕೆಲಸವನ್ನಲ್ಲ. ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನ ಟೈಮ್‌ಕೀಪರ್ ಬಸ್ಸು ಬಿಡುತ್ತಾನೆ, ಒಳಗಿರುವ ಜನರನ್ನು ಎಣಿಸುವುದಿಲ್ಲ. ಮುಂದೆ ಬರುವ ಹೆಚ್ಚಿನ ತೊಂದರೆಗಳ ಬೇರು ಇಲ್ಲೇ ಇದೆ.

ಎಡಬ್ಲ್ಯುಎಸ್ ಲೋಡ್ ಬ್ಯಾಲೆನ್ಸರ್ ಕಂಟ್ರೋಲರ್ (ಕ್ಲಸ್ಟರ್‌ಗೆ ಬ್ಯಾಲೆನ್ಸರ್ ಕಟ್ಟಿಕೊಡುವ ಪ್ರೋಗ್ರಾಂ) ಹಾಕಿ, ಸರ್ವಿಸ್‌ನ ಟೈಪ್ ‘ಲೋಡ್‌ಬ್ಯಾಲೆನ್ಸರ್’, ಟಾರ್ಗೆಟ್ ಟೈಪ್ ‘ಐಪಿ’ ಎಂದು ಕೊಡಿ. ಆಗ ಪ್ಯಾಕೆಟ್ ನೇರ ಪಾಡ್‌ಗೆ (ಸರ್ವರ್ ಪ್ರೋಗ್ರಾಂನ ಒಂದು ಪ್ರತಿಗೆ) ಹೋಗುತ್ತದೆ. ‘ಇನ್‌ಸ್ಟನ್ಸ್’ ಎಂದರೆ 30000–32767ರ ನಡುವಿನ ನೋಡ್‌ಪೋರ್ಟ್ (ನೋಡ್, ಅಂದರೆ ಕ್ಲಸ್ಟರ್‌ನ ಒಂದು ಯಂತ್ರದ ಮೇಲೆ ತೆರೆದ ಪೋರ್ಟ್) ಹಿಡಿದು ಸುತ್ತಿ ಬರುತ್ತದೆ. ಸ್ಕೀಮ್ ‘ಇಂಟರ್ನೆಟ್ ಫೇಸಿಂಗ್’ ಎಂದು ಬರೆಯದಿದ್ದರೆ ಹೊರಗಿನ ಸಾಧನಗಳಿಗೆ ಸಿಗುವುದೇ ಇಲ್ಲ. ಎಕ್ಸ್‌ಟರ್ನಲ್ ಐಪಿ ‘ಪೆಂಡಿಂಗ್’ ಎಂದೇ ನಿಂತರೆ ಸಬ್‌ನೆಟ್ ಟ್ಯಾಗ್ ಮತ್ತು ಕಂಟ್ರೋಲರ್‌ನ ಐಎಎಂ (ಎಡಬ್ಲ್ಯುಎಸ್‌ನ ಹಕ್ಕುಗಳ ವ್ಯವಸ್ಥೆ) ಅನುಮತಿ ನೋಡಿ.

ಹೆಚ್ಚು ಕಾಡುವುದು ಐಡಲ್ ಟೈಮ್‌ಔಟ್, ಅಂದರೆ ಸುಮ್ಮನಿರುವ ಕನೆಕ್ಷನ್ನನ್ನು ಕೈಬಿಡುವ ಮೊದಲು ಬ್ಯಾಲೆನ್ಸರ್ ಕಾಯುವ ಅವಧಿ. ಬೇರೇನೂ ಹೇಳದಿದ್ದರೆ ಅದು ಟಿಸಿಪಿಗೆ 350 ಸೆಕೆಂಡ್. ಟ್ರಿಪ್ ಮುಗಿಸಿ ಉಡುಪಿ ಸ್ಟ್ಯಾಂಡಿನಲ್ಲಿ ಇಂಜಿನ್ ಆಫ್ ಮಾಡಿ ನಿಂತ ಬಸ್ಸಿನ ಸಾಧನ ಹತ್ತು ನಿಮಿಷ ಸುಮ್ಮನಿದ್ದರೆ ಬ್ಯಾಲೆನ್ಸರ್ ಆ ಕನೆಕ್ಷನ್ನನ್ನು ಕೈಬಿಟ್ಟಿರುತ್ತದೆ, ಯಾರಿಗೂ ತಿಳಿಸುವುದಿಲ್ಲ. ಬಸ್ಸು ಹೊರಟು ಪ್ಯಾಕೆಟ್ ಕಳಿಸಿದಾಗ ಆರ್‌ಎಸ್‌ಟಿ (ಕನೆಕ್ಷನ್ ಮುರಿದಿದೆ ಎಂಬ ಉತ್ತರ) ಬರುತ್ತದೆ, ಆ ಮಾಹಿತಿ ಹೋಯಿತು. ಪಾಡ್‌ನಲ್ಲಿ ಮಾತ್ರ ಸತ್ತ ಸಾಕೆಟ್ ಜೀವಂತವಿದ್ದಂತೆ ಕೂತಿರುತ್ತದೆ. ಲಿನಕ್ಸ್‌ನ ಕೀಪ್‌ಅಲೈವ್ (ಸುಮ್ಮನಿರುವ ಕನೆಕ್ಷನ್ ಜೀವಂತವಿದೆಯೇ ಎಂದು ನೋಡುವ ಪ್ಯಾಕೆಟ್) ನೆಚ್ಚಬೇಡಿ, ಅದರ ಮೂಲ ಅವಧಿ 7200 ಸೆಕೆಂಡ್. ಸಾಧನದಿಂದ 120 ಸೆಕೆಂಡಿಗೊಮ್ಮೆ ಹಾರ್ಟ್‌ಬೀಟ್ (‘ಇದ್ದೇನೆ’ ಎಂಬ ಚಿಕ್ಕ ಸಂದೇಶ) ಕಳಿಸಿ; 300 ಸೆಕೆಂಡ್ ಏನೂ ಬಾರದಿದ್ದರೆ ಸರ್ವರೇ ಕನೆಕ್ಷನ್ ಮುಚ್ಚಲಿ.

ಬೆಳಗ್ಗಿನ ರಶ್‌ಗೆ ಹೊಸ ಪಾಡ್‌ಗಳು ಎದ್ದರೂ ಹಳೆಯ ಕನೆಕ್ಷನ್‌ಗಳು ಹಳೆಯ ಪಾಡ್‌ಗಳಲ್ಲೇ ಉಳಿಯುತ್ತವೆ. ಆದ್ದರಿಂದ ಪ್ರತಿ ಕನೆಕ್ಷನ್‌ಗೆ 30 ನಿಮಿಷ ಆಯುಸ್ಸು ಕೊಡಿ, ಅದಕ್ಕೆ 0ಯಿಂದ 5 ನಿಮಿಷ ಯಾದೃಚ್ಛಿಕವಾಗಿ ಸೇರಿಸಿ. ಸೇರಿಸದಿದ್ದರೆ ಎಲ್ಲ ಬಸ್ಸುಗಳೂ ಒಟ್ಟಿಗೆ ಕಳಚಿ ಒಟ್ಟಿಗೆ ಬರುತ್ತವೆ. ಸ್ಟಿಕಿನೆಸ್ (ಒಂದೇ ಕಡೆಯಿಂದ ಬರುವ ಕನೆಕ್ಷನ್‌ಗಳನ್ನು ಒಂದೇ ಪಾಡ್‌ಗೆ ಅಂಟಿಸುವುದು) ಆನ್ ಮಾಡಲೇಬೇಡಿ: ಅದು ಮೂಲ ಐಪಿ ನೋಡಿ ಹಂಚುತ್ತದೆ, ಮೊಬೈಲ್ ಸಿಮ್‌ಗಳಲ್ಲಿ ನೂರಾರು ಸಾಧನಗಳು ಒಂದೇ ಐಪಿಯ ಹಿಂದಿರಬಹುದು.

ಕ್ರಾಸ್-ಝೋನ್ (ಒಂದು ಝೋನ್‌ಗೆ, ಅಂದರೆ ರೀಜನ್‌ನ ಒಂದು ಭಾಗಕ್ಕೆ, ಬಂದ ಕನೆಕ್ಷನ್‌ಗಳನ್ನು ಬೇರೆ ಝೋನ್‌ನ ಪಾಡ್‌ಗಳಿಗೂ ಹಂಚುವುದು) ಮೂಲತಃ ಆಫ್. ಒಂದು ಝೋನ್‌ನಲ್ಲಿ 1 ಪಾಡ್, ಇನ್ನೊಂದರಲ್ಲಿ 3 ಇದ್ದರೆ ಆ ಒಂಟಿ ಪಾಡ್‌ನ ಮೇಲೆ ಸುಮಾರು ಅರ್ಧ ಭಾರ ಬೀಳುತ್ತದೆ. ಟೊಪಾಲಜಿ ಸ್ಪ್ರೆಡ್‌ನಿಂದ ಪಾಡ್‌ಗಳನ್ನು ಸಮವಾಗಿ ಹರಡಿ, ಇಲ್ಲವೇ ಕ್ರಾಸ್-ಝೋನ್ ಆನ್ ಮಾಡಿ.

ಅಪ್‌ಡೇಟ್ ಬಿಡುವಾಗ ಪಾಡ್‌ಗೆ ನಿಲ್ಲುವ ಸೂಚನೆ ಹೋಗುವುದೂ ಬ್ಯಾಲೆನ್ಸರ್ ಪಟ್ಟಿಯಿಂದ ಅದನ್ನು ತೆಗೆಯುವುದೂ ಒಟ್ಟಿಗೆ ಶುರುವಾಗುತ್ತವೆ. ಎರಡನೆಯದು ನಿಧಾನ, ಅಷ್ಟರಲ್ಲಿ ಹೊಸ ಕನೆಕ್ಷನ್‌ಗಳು ಸಾಯುತ್ತಿರುವ ಪಾಡ್‌ಗೆ ಬರುತ್ತವೆ. ಪ್ರೀಸ್ಟಾಪ್‌ನಲ್ಲಿ (ಪಾಡ್ ನಿಲ್ಲುವ ಮುನ್ನ ನಡೆಯುವ ಹೆಜ್ಜೆ) 60 ಸೆಕೆಂಡ್ ಸ್ಲೀಪ್ ಹಾಕಿ, ಗ್ರೇಸ್ ಅವಧಿಯನ್ನು (ಪಾಡನ್ನು ಬಲವಂತವಾಗಿ ನಿಲ್ಲಿಸುವ ಮೊದಲಿನ ಗಡುವು) ಮೂಲದ 30 ಸೆಕೆಂಡ್‌ನಿಂದ 120ಕ್ಕೆ ಏರಿಸಿ; ಪ್ರೀಸ್ಟಾಪ್ ಸಮಯವೂ ಅದರಲ್ಲೇ ಕಳೆಯುತ್ತದೆ. ರೆಡಿನೆಸ್ ಗೇಟ್ ಇದ್ದರೆ ಹೊಸ ಪಾಡ್ ಬ್ಯಾಲೆನ್ಸರ್‌ನಲ್ಲಿ ‘ಹೆಲ್ದಿ’ ಆಗುವ ತನಕ ಹಳೆಯದು ಹೋಗುವುದಿಲ್ಲ.

ಮಣಿಪಾಲದಲ್ಲೋ ಬಲ್ಮಠದಲ್ಲೋ ಸ್ವಂತ ಯಂತ್ರಗಳ ಮೇಲೆ ಕ್ಲಸ್ಟರ್ ಇದ್ದರೆ ಸರ್ವಿಸ್‌ಗೆ ಹೊರಗಿನ ಐಪಿ ಕೊಡಲು ಮೆಟಲ್‌ಎಲ್‌ಬಿಯಂಥ ಪ್ರೋಗ್ರಾಂ ಬೇಕು. ಮೆಟಲ್‌ಎಲ್‌ಬಿಯ ಲೇಯರ್ 2 ಮೋಡ್‌ನಲ್ಲಿ ಒಂದು ಸರ್ವಿಸ್‌ನ ಟ್ರಾಫಿಕ್ ಪೂರ್ತಿ ಒಂದೇ ನೋಡ್‌ಗೆ ಬರುತ್ತದೆ. ನೋಡ್‌ಗಳ ನಡುವೆ ಹಂಚಬೇಕಾದರೆ ಬಿಜಿಪಿ (ರೌಟರ್‌ಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ವಿಧಾನ) ಬಲ್ಲ ರೌಟರ್ ಇರಲೇಬೇಕು.